ಹಾಜರಿ ಪುಸ್ತಕ

ಭೋಸರಿಯ ಪೇಟೆಯಲ್ಲಿ ನಲವತ್ತು ರೂಪಾಯಿಗೆ ಕೊಂಡದ್ದು,
ರೊಟ್ಟಿ ಅಂಗಡಿಯ ಮೊದಲ ಹಾಜರಿ ಪುಸ್ತಕ.

"ಅರ್ಧ ದಿನ ಸಾಕು, ತಾಈ.
ಹೆಸರು ಮಾತ್ರ ಈಗಲೇ ಬೇಡ" ಅಂದ ಸುದಾಮ ಕುದಳೆ;
"ಇಎಸ್‌ಐನವರ ನಿರುದ್ಯೋಗ ಭತ್ಯೆ ಇನ್ನೊಂದು ತಿಂಗಳಿದೆ."

ಹದಿನೇಳು ವರ್ಷ ಲೇತ್ ಮುಂದೆ ನಿಂತವನು
ನನ್ನ ರೊಟ್ಟಿಯಂಚನ್ನು ಎರಡು ಬೆರಳಲ್ಲಿ ಹಿಡಿದು
"ಇಲ್ಲಿ ಕೂದಲೆಳೆಯಷ್ಟು ದಪ್ಪ" ಎಂದ.
ನಿಜ. ಯಾರೂ ಹೇಳಿರಲಿಲ್ಲ.

ಬರೆದರೆ ಅವನ ಅನ್ನಕ್ಕೆ ಕಲ್ಲು;
ಬರೆಯದಿದ್ದರೆ ನನ್ನ ಪುಸ್ತಕವೇ ಸುಳ್ಳು.
ಅಷ್ಟು ತುಂಬಿಕೊಡಲು ಗಲ್ಲಾಪೆಟ್ಟಿಗೆಯಲ್ಲಿ ಏನಿದೆ, ಚಿಲ್ಲರೆ.
ರಾತ್ರಿ ಮೂರು ಸಲ ಕೂಡಿಸಿದೆ.

ಬೆಳಿಗ್ಗೆ ಬಂದವನೇ ಹಿಟ್ಟಿನ ಡಬ್ಬಿ ಸರಿಸಿ
ಪೆನ್ನು ಕೇಳಿದ.
"ಹೆಂಡತಿ ಬೈದಳು" ಅಂದ.
ಹೆಸರು ಬರೆದ. ಗೋಡೆಯ ಗಡಿಯಾರ ನೋಡಿ
ಏಳು ನಿಮಿಷ ತಡವಾಗಿದ್ದನ್ನೂ ಬರೆದ.