ನೂರಾ ಮೂವತ್ತು

ಮೂವತ್ತೊಂದು ವರ್ಷ ಗಾಲಿ ಬಡದೇನಿ
ಹುಬ್ಬಳ್ಳಿ ಯಾರ್ಡಿನ್ಯಾಗ, ಉದ್ದನ ಹಿಡಿಕಿಯ ಸುತ್ತಿಗಿ ಹಿಡದು.
ಗಟ್ಟಿ ಗಾಲಿ ಗಂಟಿಯಂಗ ಮಾತಾಡತೈತಿ,
ಒಳಗ ಸೀಳು ಬಿಟ್ಟದ್ದು
ಒಡದ ಗಡಿಗಿಯಂಗ ಥಪ್ಪ ಅಂತೈತಿ.
ಕಣ್ಣಿಗೆ ಎರಡೂ ಒಂದ. ಕಿವಿಗೆ ಅಲ್ಲ.

ನನ್ನ ತಲಿಯೊಳಗಿನ ಸೀಳು ಮಾತ್ರ
ನನಗ ಕೇಳಲಿಲ್ಲ ನೋಡ್ರಿ.
ಕೇಶ್ವಾಪುರದ ಹಾಲಿನ ಅಂಗಡಿ ಮುಂದ
ಚಿಲ್ಲರ ಎಣಸೂವಾಗ
ಬಲಗೈ ತನ್ನಷ್ಟಕ್ಕ ತಾನ ರಜಾ ಹಾಕ್ತು.
ಐದು ರೂಪಾಯಿ ಉರುಳಿ ಗಟಾರಕ್ಕ ಬಿತ್ತು.
"ಹಿಡೀರಿ ಅದನ್ನ" ಅನ್ನಬೇಕಂದೆ,
ಬಾಯಿಂದ ಬಂದದ್ದು ಬರೇ ಜೊಲ್ಲು.

ಈಗ ಬುಧವಾರ ನಾಲ್ಕಕ್ಕ
ಮೊಮ್ಮಗಳು ಫೋನು ಸಕ್ಕರಿ ಡಬ್ಬಿಗೆ ಆನಿಸಿ ಇಡತಾಳ,
ಡಬ್ಬಿಯೊಳಗ ಈಗ ಮೆಂತೆ ಐತಿ.
ಒಂದೊಂದ ಕಿಟಕಿ ತಗೀತಾವ
ಪ್ಯಾಸೆಂಜರ್ ಗಾಡಿಯಂಗ:
ಬೆಟಗೇರಿಯ ಪರಶುರಾಮಸಾ ಕಬಾಡಿ, ಹಿಂದ ಮಗ್ಗದ ಸದ್ದು;
ಸವಣೂರಿನ ಹುಸೇನಬಿ, ಬರೇ ಹಣಿ ಕಾಣತೈತಿ;
ಹಾನಗಲ್ಲಿನ ಮಾಸ್ತರು, ಮಾತೆಲ್ಲಾ ಹೋಗಿ
"ಹೌದು" ಅನ್ನೂದೊಂದ ಉಳದೈತಿ,
ಸಿಟ್ಟಿಗೂ ಹೌದು, ಬ್ಯಾಡಕ್ಕೂ ಹೌದು.
ನಡುವ ಧಾರವಾಡದಿಂದ ಶಿವಲೀಲಾ ಸಿಸ್ಟರ್:
"ದಾನಿಯೇಲ ಕಾಕಾರ, ಮ್ಯೂಟ್ ತಗೀರಿ,
ತುಟಿ ಅಷ್ಟ ಅಳ್ಳಾಡಾಕತ್ತಾವ."

ಲಕ್ವಾ ಅಂದ್ರ ಮನಿ ನೋಡಿ ಹೋದ ಕಳ್ಳ ಇದ್ದಂಗ, ಅಂತಾಳ ಆಕಿ,
ಬಾಗಲಾ ಎಲ್ಲಿ, ಚಿಲಕ ಎಲ್ಲಿ, ಗೊತ್ತಾಗಿರತೈತಿ.
ಅದಕ್ಕ ಗುಳಿಗಿ. ಅದಕ್ಕ ಮುಂಜಾನೆ ಸಂಜೀಕ
ತೋಳಿಗೆ ಪಟ್ಟಿ ಕಟ್ಟಿ ಅಂಕಿ ಬರಿಯೂದು.
ಉಪ್ಪಿನಕಾಯಿ ಭರಣಿ ನಾಗೊಂದಿಗಿ ಏರಿತು.
ಬೀಡಿ ಅಂತೂ... ಬಿಡ್ರಿ. ಬಿಟ್ಟೇನಿ.

ಎಡಗೈಲೆ ಬಲಗೈ ಹಿಡದು ಎತ್ತತೇವಿ ಎಲ್ಲಾರೂ,
ಒಂದು, ಎರಡು. ಮಗ್ಗದ ಸದ್ದಿಗೆ
ಲೆಕ್ಕ ತಪ್ಪತೈತಿ. ಹುಸೇನಬಿ ನಕ್ಕರ
ಹಣಿ ಕುಣಿತೈತಿ.

ಹೋದ ವಾರ ಸಿಸ್ಟರ್ ನನ್ನ ಹಾಳಿ ಓದಿದ್ಲು:
ರವಿವಾರ ನೂರಾ ಮೂವತ್ತು, ಎಂಬತ್ತು.
ಸೋಮವಾರ ನೂರಾ ಮೂವತ್ತು, ಎಂಬತ್ತು.
ಮಂಗಳವಾರ...
"ಕಾಕಾರ, ನಿಮ್ಮ ರಕ್ತ ರೈಲ್ವೆ ಟೈಮಿನಂಗ ಐತಲ್ಲ?"
"ರೈಲ್ವೆ ಟೈಮು ಯಾವಾಗ ಸರಿ ಇತ್ರಿ?" ಅಂದ ಕಬಾಡಿ.
ಎಲ್ಲಾರೂ ನಕ್ರು. ನಾನೂ,
ಅರ್ಧ ಮಾರಿಲೆ.

ಆ ರಾತ್ರಿ ನಿದ್ದಿ ಹತ್ತಲಿಲ್ಲ.
ಎಂಬತ್ತೊಂಬತ್ತರ ಶ್ರಾವಣ, ಎರಡನೇ ಪಾಳಿ,
ಮೀರಜ ಕಡೆ ಹೊಂಟ ಗಾಡಿ.
ಕೆಳಗ ನೀರು ನಿಂತಿತ್ತು, ಬೂಟು ತೋಯ್ತಾವಂತ
ಕಡೀ ಡಬ್ಬಿಯ ನಾಕು ಗಾಲಿ ಬಡೀಲಾರದ
ಖಡೂಲೆ ಗೀಟು ಹಾಕಿ ಬಿಟ್ಟಿದ್ದೆ.
ಏನೂ ಆಗಲಿಲ್ಲ. ಗಾಡಿ ಮುಟ್ಟಿತು, ತಿರುಗಿ ಬಂತು,
ಮಂದಿ ಇಳದು ಮನಿಗೆ ಹೋದ್ರು.
ಯಾರಿಗೂ ಹೇಳಿಲ್ಲ, ಹೆಂಡತಿಗೂ.
ಏನೂ ಆಗಲಿಲ್ಲ ಅನ್ನೂದ
ಇಷ್ಟ ವರ್ಷ ಎದಿಮ್ಯಾಲೆ ಕುಂತೈತಿ.

ಇವತ್ತ ಮ್ಯೂಟ್ ನಾನ ತಗದೆ.
ಹೆಬ್ಬಟ್ಟು ಮೂರು ಸಲ ಜಾರಿತು.
"ಸಿಸ್ಟರ್, ಆ ನೂ... ನೂರಾ ಮೂವತ್ತು
ನಾ ಸುಮ್ನ ಬರದದ್ದು. ಪಟ್ಟಿ ಕಟ್ಟಿರಲಿಲ್ಲ.
ಅಂಜಿಕಿ, ಏನು ಬರತೈತೋ ಅಂತ."
ಯಾರೂ ನಗಲಿಲ್ಲ.
ಕಬಾಡಿ ಕೆಮ್ಮಿದ: "ಗುಳಿಗಿ ಬಿಟ್ಟು
ಹನ್ನೆರಡು ದಿನ ಆತ್ರಿ ನಂದೂ. ಆರಾಮ ಅನಿಸಿತ್ತು."
ಮಾಸ್ತರು "ಹೌದು" ಅಂದ್ರು. ಯಾವ ಹೌದೋ.

ಸಿಸ್ಟರ್ ಬೈಲಿಲ್ಲ.
"ಈಗ ಕಟ್ಟಿರಿ, ಕಾಯತೇವಿ" ಅಂದ್ಲು.
ಮೊಮ್ಮಗಳು ಸುತ್ತಿದ್ಲು. ಗಾಳಿ ತುಂಬಿತು,
ತೋಳು ಬಿಗದು, ಸಡಲಿ,
ಒಳಗ ಯಾವನೋ ಸಣ್ಣ ಸುತ್ತಿಗಿಲೆ
ಬಡಕೋತ ಬಡಕೋತ ಹೊಂಟಂಗ,
ಒಂದೂ ಗಾಲಿ ಬಿಡಲಾರದ.

ನೂರಾ ಐವತ್ತೆಂಟು.
ಎಡಗೈಲೆ ಬರಕೊಂಡೆ, ಎಂಟು ಮಕ್ಕೊಂಡಿತು.
"ನಾಳೆ ಮುಂಜಾನೆನ ದವಾಖಾನಿಗೆ ಬರ್ರಿ, ಕಬಾಡಿಯವರೂ."

ಆಗ ಹುಸೇನಬಿ ಹಣಿ ಹತ್ತರ ಬಂತು,
ಮೊದಲ ಸಲ ಅಕಿ ಕಣ್ಣು ಕಂಡ್ವು.
"ಮತ್ತ ಬೀಡಿ?" ಅಂದ್ಲು.
ನೆಟ್‌ವರ್ಕ್ ಹೋಗಿದ್ರ ಚೊಲೊ ಇತ್ತು.
ಹೋಗಲಿಲ್ಲ.