ನಾಲ್ಕಿಂಚಿನ ಗೋಡೆ

ಕಾಜುಬಾಗ, ಮೂರನೇ ಮಾಳಿಗೆ. ದಲ್ಲಾಳಿ ಕಾಣಕೋಣಕರ
ಕಿಟಕಿ ತೆರೆದು, ತಾನೇ ಕಟ್ಟಿಸಿದ ಹಾಗೆ,
ಸಮುದ್ರ ತೋರಿಸಿದ.
ಸಮುದ್ರ ನನಗೆ ಗೊತ್ತು.
ಇಪ್ಪತ್ತಾರು ವರ್ಷ ಬಸ್ಸಿನ ಡಿಪೋದ ಕಿಂಡಿಯಲ್ಲಿ ಕೂತು
ಚಿಲ್ಲರೆ ಎಣಿಸಿದವಳು;
ಸಪ್ಪಳದಲ್ಲೇ ಹೇಳಬಲ್ಲೆ, ಖೋಟಾ ಯಾವುದೆಂದು.
ಗೋಡೆಯದು ಮಾತ್ರ ತಿಳಿಯುವುದಿಲ್ಲ.
ಅದಕ್ಕೇ ಶಾಣು ಮೇಸ್ತ್ರಿಯನ್ನು ಕರೆದೊಯ್ದಿದ್ದೆ,
ಇನ್ನೂರು ರೂಪಾಯಿ, ಮತ್ತೆ ಒಂದು ಚಾ.

ಹೊಸ ಬಣ್ಣ. ತಿಳಿಹಸಿರು, ವಾಸನೆ ಇನ್ನೂ ಆರಿಲ್ಲ.
'ಮಾರುವ ಮೊದಲು ಮೀನಿಗೂ ನೀರು ಚಿಮುಕಿಸುತ್ತಾರೆ'
ಎಂದ ಮೇಸ್ತ್ರಿ, ದಲ್ಲಾಳಿಗೆ ಕೇಳುವಷ್ಟೇ ಮೆಲ್ಲಗೆ.
ಆಮೇಲೆ ಮೊಣಕಾಲೂರಿ,
ಬಾಗಿಲ ಚೌಕಟ್ಟಿನ ಸಂದಿಯಲ್ಲಿ, ಸ್ವಿಚ್ಚಿನ ಪೆಟ್ಟಿಗೆಯ ಹಿಂದೆ
ಬಣ್ಣ ತಲುಪದ ಜಾಗ ಹುಡುಕಿ ಮೊಳೆಯಿಂದ ಕೆರೆದ.
ಹೊರಗೋಡೆಯಿಂದ ಕೆಂಪು ಪುಡಿ ಉದುರಿತು:
'ಚೀರೆಕಲ್ಲು. ಒಂಬತ್ತಿಂಚು.
ಮಳೆಗಾಲದಲ್ಲಿ ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ,
ನನ್ನ ಹಾಗಲ್ಲ.'

ಒಳಗೋಡೆಯ ಪುಡಿ ಬೂದಿಬಣ್ಣ. ಅವನು ಮಾತಾಡಲಿಲ್ಲ.
ಬೆರಳು ಒದ್ದೆ ಮಾಡಿ, ಆ ಪುಡಿ ಮುಟ್ಟಿ,
ನಾಲಗೆಗಿಟ್ಟ.
ಸಾರಿಗೆ ಉಪ್ಪು ಸಾಕೋ ಎಂದು ನೋಡುವವರ ಹಾಗೆ
ಕಣ್ಣು ಮುಚ್ಚಿದ.
'ಬಾಯೋರೆ, ಇದು ಎಂಬತ್ತೊಂಬತ್ತರದು.
ಆ ವರ್ಷ ಹೊಳೆಯ ರೇತಿ ಸಿಗಲಿಲ್ಲ;
ರಾತ್ರಿ ದಂಡೆಯಿಂದ ಗಾಡಿ ಬರುತ್ತಿತ್ತು.'
ನಿನಗೆ ಹೇಗೆ ಗೊತ್ತು ಎಂದೆ.
ಮೊಳೆಯನ್ನು ಕಿಸೆಗೆ ಹಾಕಿಕೊಂಡ.
'ಗಾಡಿ ಇಳಿಸಿದವರಲ್ಲಿ ನಾನೂ ಒಬ್ಬ.
ಮೂರು ನೀರಿನಲ್ಲಿ ತೊಳೆಯಿರಿ ಎಂದಿದ್ದರು.
ಒಂದೇ ನೀರಿನಲ್ಲಿ ತೊಳೆದೆವು.'

ದಲ್ಲಾಳಿಗೆ ಆಗಲೇ ಒಂದು ಫೋನು ಬಂತು,
ಅಥವಾ ಬಂದಂತೆ ಮಾಡಿಕೊಂಡ.

ಉಳಿದದ್ದು ಅಡುಗೆಮನೆ. ನಡುವೆ ನಾಲ್ಕಿಂಚಿನ ಇಟ್ಟಿಗೆ,
ಆಚೆ ಬೇರೆಯವರ ಸಂಸಾರ.
ಕೈಚೀಲದಿಂದ ಹಳೆಯ ಒಂದು ರೂಪಾಯಿ ತೆಗೆದು
ನಾನೇ ಬಡಿದೆ, ಟಕ್ ಟಕ್.
ಪೊಳ್ಳು. ಖೋಟಾ ನಾಣ್ಯದ್ದೇ ದನಿ.
ಅಷ್ಟರಲ್ಲಿ ಆಚೆಯಿಂದ
ಕೊಡಪಾನಗಳ ಗಡಿಬಿಡಿ, ಚಪ್ಪಲಿಯ ಓಟ,
ನಲ್ಲಿ ತಿರುವಿದ ಕಿರ್ರೆನ್ನುವ ಸದ್ದು,
ಗೋಡೆಯೇ ಬೈದ ಹಾಗೆ ಒಂದು ಹೆಂಗಸಿನ ದನಿ:
'ಎಲ್ಲಿ ಬಂತು ನೀರು? ಬರೀ ಗಾಳಿ!'

ಹೊರಗೆ ಹೋಗಿ ತಪ್ಪೊಪ್ಪಿಕೊಂಡೆ.
ಬಾಗಿಲಲ್ಲಿ ಪಿಯೇದಾದ್ ಬಾಯಿ, ಎರಡೂ ಕೈಯಲ್ಲಿ ಬಕೆಟ್ಟು.
ಮೊದಲಿದ್ದ ಟೀಚರಮ್ಮನಿಗೂ ತನಗೂ ಒಪ್ಪಂದವಂತೆ:
ಎರಡು ಸಲ ಬಡಿದರೆ ನಲ್ಲಿಗೆ ನೀರು,
ಮೂರು ಸಲ ಬಡಿದರೆ ಗ್ಯಾಸಿನವನು,
ಒಂದೇ ಸಲ ಜೋರಾಗಿ ಬಡಿದರೆ ಟಿವಿ ಸಣ್ಣ ಮಾಡು.
ಟೀಚರಮ್ಮ ಕುಮಟೆಗೆ ಹೋಗಿ ಎರಡು ವರ್ಷ.
'ಈಗ ನೀರು ಬಂದದ್ದು ಗೊತ್ತಾಗುವುದೇ
ಅದು ಹೋಗುವಾಗ.'

ಮೆಟ್ಟಿಲಿಳಿಯುತ್ತ ಮೇಸ್ತ್ರಿ ಲೆಕ್ಕ ಹೇಳಿದ:
ಗಾರೆ ಪೂರ್ತಿ ಕೆತ್ತಬೇಕು, ಕಬ್ಬಿಣ ಕಂಡಲ್ಲಿ ತುಕ್ಕು ತಿಕ್ಕಬೇಕು,
ಒಂದು ಬೇಸಿಗೆ ಗೋಡೆ ಬರಿಮೈಯಲ್ಲಿ ಒಣಗಬೇಕು,
ಆಮೇಲೆ ಸುಣ್ಣ. ಪ್ಲಾಸ್ಟಿಕ್ ಬಣ್ಣ ಬೇಡವೇ ಬೇಡ.
'ಅಡುಗೆಮನೆಯದನ್ನೂ ಒಡೆದು ದಪ್ಪ ಕಟ್ಟಿಕೊಡಲೇ?
ಕೂಲಿ ಬೇಡ. ಎರಡು ನೀರಿನ ಬಾಕಿ ಇದೆ ನನ್ನದು.'

ಎರಡೂವರೆ ಲಕ್ಷ ಇಳಿಸು, ಗೋಡೆಯಲ್ಲಿ ಉಪ್ಪಿದೆ ಎಂದೆ
ಕಾಣಕೋಣಕರನಿಗೆ.
'ಕಾರವಾರದಲ್ಲಿ ಉಪ್ಪಿಲ್ಲದ್ದು ಯಾವುದು ತಾಯಿ?'
ಒಂದೂವರೆಗೆ ನಿಂತಿದ್ದಾನೆ. ನೋಡಬೇಕು.

ಉಳಿದದ್ದೆಲ್ಲ ಕೆತ್ತು, ನಾಲ್ಕಿಂಚಿನದು ಹಾಗೇ ಇರಲಿ ಎಂದೆ.
ಶಾಣು ಮೇಸ್ತ್ರಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.
ಗೂಡಂಗಡಿಯ ಪಕ್ಕಕ್ಕೆ ಹೋಗಿ
ಮೂರು ಸಲ ಬಾಯಿ ಮುಕ್ಕಳಿಸಿ ಉಗುಳಿ
ಆಮೇಲೆ ಚಾ ಕುಡಿದ.