ಹಿಂದಿನ ಕೊಂಡಿ

ಬಿಣಗಾದ ನನ್ನ ವೆಲ್ಡಿಂಗ್ ಶೆಡ್ಡಿಗೆ ಬಂದವರೆಲ್ಲ
ಗಾಡಿಯ ಮುಖ ರಸ್ತೆಗೆ ಮಾಡಿ ನಿಲ್ಲಿಸುತ್ತಾರೆ.
ಮುಖಗಳು ನನಗೆ ನೆನಪಿರುವುದಿಲ್ಲ;
ಬೆನ್ನು ನೋಡಿ ಯಾರ ಗಾಡಿ ಎಂದು ಹೇಳುತ್ತೇನೆ.

ಪ್ರೇಮಾವತಿ ತಾಂಡೇಲರ ಪಿಕಪ್ಪು ಸಣ್ಣದು,
ಕಂತು ಇನ್ನೂ ಹತ್ತೊಂಬತ್ತು ಬಾಕಿ.
ಮೀನುಪೇಟೆಯ ಸಂದಿಯಲ್ಲಿ ಒಂದೇ ಏಟಿಗೆ ತಿರುಗುತ್ತಿತ್ತು,
ಬಂಗಡೆಯ ಕ್ರೇಟು ಎಷ್ಟು ಹೇರಿದರೂ ಹೂಂ ಎನ್ನುತ್ತಿತ್ತು.
"ಇದಕ್ಕೊಂದು ಕೊಂಡಿ ಹಾಕು, ಹಾರವಾಡದಿಂದ ದೋಣಿ ತರಬೇಕು."
"ಎಷ್ಟು ತೂಕ?"
"ಎಳೆಯುತ್ತದೆ ಅಂತ ಗಾಡಿಯ ಪುಸ್ತಕದಲ್ಲಿದೆಯಲ್ಲ, ಅಷ್ಟೇ."

ಪುಸ್ತಕ ಬರೆದವನು ಒದ್ದೆ ಬಲೆ ಎತ್ತಿದವನಲ್ಲ.
ಎಂಜಿನ್ನು, ಐಸಿನ ಪೆಟ್ಟಿಗೆ, ಸೀಸದ ಗುಂಡು ಪೋಣಿಸಿದ ಹಗ್ಗ,
ಯಾರೂ ಮೊಗೆಯದೆ ತಳದಲ್ಲಿ ಬಿಟ್ಟ ನೀರು,
ದೋಣಿಯೊಳಗೇ ಕೂತು ಬರುತ್ತೇವೆಂದು ಹಟ ಹಿಡಿದ
ಇಬ್ಬರು ಹುಡುಗರು
ಯಾವ ಪುಟದಲ್ಲಿದ್ದಾರೆ?
ಹೇಳಿದೆ. ಕೇಳಲಿಲ್ಲ. ಕೊಂಡಿ ಹಾಕಿದೆ.
ನನಗೂ ಅವತ್ತು ಸಿಲಿಂಡರಿನ ಬಾಕಿ ಕಟ್ಟುವುದಿತ್ತು.

ಸುರಂಗ ಇನ್ನೂ ತೆರೆಯದ ಕಾಲ.
ಘಟ್ಟ ಏರಿತು, ಸುಳ್ಳು ಹೇಳಬಾರದು,
ಎರಡನೇ ಗೇರಿನಲ್ಲಿ ಅರಚುತ್ತ, ಮೂತಿ ಮೇಲೆತ್ತಿ;
ಹಿಂದೆ ಕೂತ ಭಾರಕ್ಕೆ ಮುಂದಿನ ಗಾಲಿ ತೇಲಿ
ವಿಠೋಬನ ಕೈಯಲ್ಲಿ ಸ್ಟೇರಿಂಗು ಹಪ್ಪಳ.
ನೆತ್ತಿ ದಾಟಿ ಬೈತಖೋಲದ ಕಡೆ ಇಳಿಯುವಾಗ
ಬ್ರೇಕು ತುಳಿದ.
ಪಿಕಪ್ಪು ಕೇಳಿತು. ದೋಣಿ ಕೇಳಲಿಲ್ಲ.
ಬಲಗಡೆಯ ಕನ್ನಡಿಯಲ್ಲಿ ಕೆಂಪು ಬಳಿದ ಮೂತಿಯೊಂದು
ಮೆಲ್ಲಗೆ ಪಕ್ಕಕ್ಕೆ ಬಂತು,
ಹಾರ್ನು ಹಾಕದೆ ಮುಂದೆ ಹೋಗುವ ಬಸ್ಸಿನ ಹಾಗೆ.
"ನಮ್ಮದೇ ದೋಣಿ ಮಾರಾಯ," ಎಂದ ಆಮೇಲೆ,
"ನಮ್ಮನ್ನೇ ಓವರ್‌ಟೇಕ್ ಮಾಡ್ತಾ ಇತ್ತು."
ಎಡಕ್ಕೆ ಕಡಲು, ನಡುವೆ ಮೊಣಕಾಲೆತ್ತರದ ಕಟ್ಟೆ.
ಕಟ್ಟೆ ಹಿಡಿಯಿತು.
ಹುಡುಗರು ನಕ್ಕರಂತೆ, ಆಮೇಲೆ ಒಬ್ಬ ಕಕ್ಕಿದ.

ಮರುದಿನ ಇನಾಸನ ದೊಡ್ಡ ಗಾಡಿ.
ಪಟ್ಟಿಯ ಮೇಲೆ ಪಟ್ಟಿ ಸ್ಪ್ರಿಂಗು, ಹಿಂದೆ ಜೋಡಿ ಗಾಲಿ;
ಖಾಲಿ ಓಡಿದರೆ ಕೂತವನ ಹಲ್ಲು ಎಣಿಸುತ್ತದೆ,
ಕುಡಿಯುವುದೋ, ಮದುವೆಮನೆಗೆ ಬಂದ ಭಾವನ ಹಾಗೆ.
ದೋಣಿ ಕಟ್ಟಿದ್ದೇ ತಡ ಅದರ ಕುಲುಕಾಟ ನಿಂತಿತು.
ಎಮ್ಮೆಗೆ ಬೆಳ್ಳಕ್ಕಿ ಭಾರವೇ?
ಇಳಿಜಾರಿನಲ್ಲಿ ಒಂದೇ ಕೈಯಲ್ಲಿ ಬೀಡಿ ಹಚ್ಚಿದನಂತೆ.
ಇದು ಇನಾಸನೇ ಹೇಳಿದ್ದು.

ಹಾಗಂತ ದೊಡ್ಡದೇ ಸರಿ ಎಂದು ಬರೆದುಕೊಳ್ಳಬೇಡಿ.
ಅಲಿಗದ್ದಾದ ಉಸುಕಿಗೆ ಇಳಿದದ್ದೇ
ಜೋಡಿ ಗಾಲಿ ಉಸುಕು ತಿಂದು ಆಕ್ಸಲ್ಲಿನ ತನಕ ಕೂತಿತು.
ಉಬ್ಬರ ಏರುತ್ತಿತ್ತು.
ಎಳೆದದ್ದು ಹಲಗೆ, ಹಗ್ಗ, ಬುಟ್ಟಿ ಇಳಿಸಿ ಓಡಿಬಂದ ಹೆಂಗಸರು,
ಮತ್ತು ಗಟ್ಟಿ ನೆಲದ ಮೇಲೆ ನಿಂತು,
ಮೈ ತರಚಿದ ಆ ಸಣ್ಣ ಪಿಕಪ್ಪು.
ಯಾರು ಎಷ್ಟು ಎಳೆದರು ಎಂಬ ಜಗಳ ಇನ್ನೂ ಮುಗಿದಿಲ್ಲ.

ಈಗ ಯಾರು ಬಂದರೂ ನಾನು
ಎಷ್ಟು ಎಳೆಯಬೇಕು ಎಂದು ಕೇಳುವುದಿಲ್ಲ,
ಎಲ್ಲಿ ನಿಲ್ಲಿಸಬೇಕು ಎನ್ನುತ್ತೇನೆ.
ಸಿಟ್ಟಾಗುತ್ತಾರೆ. ಆಮದಳ್ಳಿಯಲ್ಲಿ ಇನ್ನೊಬ್ಬನಿದ್ದಾನೆ,
ಏನೂ ಕೇಳದೆ ಹಾಕಿಕೊಡುತ್ತಾನೆ.

ಪ್ರೇಮಾವತಿಯ ಗಾಡಿಗೆ ಕೊಂಡಿ ಹಾಗೇ ಇದೆ.
ಸಂಜೆ ಕ್ರೇಟು ಇಳಿಸುವವರ ಮುಂಗಾಲಿನ ಮೂಳೆಗೆ
ಲೆಕ್ಕವಿಟ್ಟು ಹೊಡೆಯುತ್ತದೆ;
ಕಾಲು ತಿಕ್ಕಿಕೊಂಡು ಬೈಯುವುದು ನನ್ನನ್ನು.
ಕತ್ತರಿಸಿ ತೆಗೆಯುತ್ತೇನೆ, ದುಡ್ಡು ಬೇಡ ಎಂದೆ.
"ಇರಲಿ," ಎಂದರು ಆಕೆ,
"ಇನಾಸನ ಗಾಡಿ ಮತ್ತೆ ಹೂಳದೆ ಇರುತ್ತದೆಯೇ?"